ಅವಧಿಗೆ ಮೊದಲೇ ಕಟ್ಟಿದರೆ ಬಡ್ಡಿ ಎಷ್ಟು ಉಳಿಯುತ್ತೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಸಂಬಳ ಬರುವ ತನಕ ಅಂತ ಮೊಬೈಲ್ ಆ್ಯಪ್‌ನಲ್ಲಿ ತೆಗೆದುಕೊಂಡ ಸಣ್ಣ ಸಾಲ. ಮ್ಯೂಚುವಲ್ ಫಂಡ್, ಎಫ್‌ಡಿ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ. ನಿಮ್ಮ ದುಡ್ಡು ಎಲ್ಲೂ ಹೋಗುವುದಿಲ್ಲ. ಇವರ ದುಡ್ಡು ದಿನಾ ಹೋಗುತ್ತಿದೆ.

ಪ್ರಶ್ನೆ: ಮೇಡಂ, ನಮಸ್ಕಾರ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸಿಎನ್‌ಸಿ ಆಪರೇಟರ್ ಆಗಿದ್ದೇನೆ. ಕೈಗೆ 24 ಸಾವಿರ ಸಂಬಳ, ಪ್ರತಿ ತಿಂಗಳು 7ಕ್ಕೆ ಬರುತ್ತೆ. ಮಗಳ ಸ್ಕೂಲ್ ಫೀಸಿಗೆ ಜೂನ್ 12ರಂದು ಒಂದು ಆ್ಯಪ್‌ನಲ್ಲಿ 20 ಸಾವಿರ ಸಾಲ ತಗೊಂಡೆ. ಖಾತೆಗೆ ಬಿದ್ದಿದ್ದು 17,640. ಜುಲೈ 12ಕ್ಕೆ 26 ಸಾವಿರ ಕಟ್ಟಬೇಕು. ಈಗ ನನ್ನ ಹೆಂಡತಿಗೆ ಚೀಟಿ ಎದ್ದು 22 ಸಾವಿರ ಕೈಗೆ ಬಂದಿದೆ. ಇವತ್ತೇ ಕಟ್ಟಿಬಿಡೋಣ ಅಂದರೆ ಆ್ಯಪ್‌ನಲ್ಲಿ ಮುಂಚೆ ಕಟ್ಟೋ ಬಟನ್ನೇ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ಯಾವಾಗ ಕಟ್ಟಿದ್ರೂ 26 ಸಾವಿರಾನೇ ಸಾರ್' ಅಂದರು. ಜೊತೆ ಕೆಲಸ ಮಾಡೋನು 'ಬೇಗ ಕಟ್ಟಿದ್ರೆ ಸಿಬಿಲ್, ಅಂದ್ರೆ ಸಾಲ ತೀರಿಸೋ ಅಭ್ಯಾಸಕ್ಕೆ ಕೊಡೋ ಸ್ಕೋರ್, ಹಾಳಾಗತ್ತೆ' ಅಂತಾನೆ. ಈಗಲೇ ಕಟ್ಟಲಾ, ಇಲ್ಲ ಡ್ಯೂ ಡೇಟ್‌ವರೆಗೆ ಇಟ್ಕೊಳ್ಳಲಾ? ಹೆಸರು ಹಾಕಬೇಡಿ. ಸಾಲದ ವಿಷಯ ಅಪ್ಪನಿಗೆ ಗೊತ್ತಿಲ್ಲ.

ಉತ್ತರ: ಹೆಸರು ಹಾಕುವುದಿಲ್ಲ. ಆದರೆ ಈ ಉತ್ತರವನ್ನು ನಿಮ್ಮ ಪತ್ರ ಬಂದ ಜೂನ್ 21ರಂದೇ ಇಮೇಲ್‌ನಲ್ಲಿ ಕಳಿಸಿದ್ದೇನೆ. ಪತ್ರಿಕೆ ಅಂಗಡಿಗೆ ಬರುವವರೆಗೆ ಕಾದರೆ ದಿನಕ್ಕೆ 200 ರೂಪಾಯಿ ನಿಮ್ಮ ಜೇಬಿನಿಂದ ಹೋಗುತ್ತೆ.

ಆ 200 ಎಲ್ಲಿಂದ ಬಂತು ನೋಡಿ. ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ 'ಬಡ್ಡಿ ದಿನಕ್ಕೆ ಶೇ 1' ಅಂತ ಇದೆ. ಒಂದು ಪರ್ಸೆಂಟ್ ಅಂದರೆ ಕಿವಿಗೆ ಏನೂ ಅನ್ನಿಸುವುದಿಲ್ಲ. ಅದನ್ನೇ ಊರಿನ ಲೆಕ್ಕಕ್ಕೆ ತನ್ನಿ. ನಮ್ಮ ಕಡೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ಪರವಾಗಿಲ್ಲ ಅನ್ನುತ್ತಾರೆ. ನೂರಕ್ಕೆ ಐದು ಅಂದರೆ 'ಅಯ್ಯೋ, ಅವನ ಹತ್ರ ಯಾಕೆ ಹೋದೆ' ಅನ್ನುತ್ತಾರೆ. ನಿಮ್ಮದು ತಿಂಗಳಿಗೆ ನೂರಕ್ಕೆ ಮೂವತ್ತು. ಹೀಗೆ ಬರೆದಿದ್ದರೆ ನೀವು ಆ ಗುಂಡಿ ಒತ್ತುತ್ತಿದ್ದಿರಾ? ಇಲ್ಲ ಅಲ್ವಾ?

ಈಗ ಪೂರ್ತಿ ಲೆಕ್ಕ. ಅಸಲು 20 ಸಾವಿರ. ಅದರಲ್ಲಿ ಶೇ 10 ಪ್ರೊಸೆಸಿಂಗ್ ಫೀ, 2,000. ಆ ಫೀ ಮೇಲೆ ಶೇ 18 ಜಿಎಸ್‌ಟಿ, 360. ಎರಡನ್ನೂ ಮೊದಲೇ ಹಿಡಿದುಕೊಂಡು 17,640 ಹಾಕಿದ್ದಾರೆ. ಬಡ್ಡಿ ಮಾತ್ರ ಪೂರ್ತಿ 20 ಸಾವಿರದ ಮೇಲೆ. ದಿನಕ್ಕೆ 200, ಮೂವತ್ತು ದಿನಕ್ಕೆ 6,000. ಒಟ್ಟು 26 ಸಾವಿರ.

ಪತ್ರ ಬರೆದ ದಿನಕ್ಕೆ ಸಾಲಕ್ಕೆ ಒಂಬತ್ತು ದಿನ. ಬಡ್ಡಿ 1,800. ಅಂದರೆ ಆವತ್ತು ನೀವು ಕೊಡಬೇಕಾದ ನ್ಯಾಯವಾದ ಮೊತ್ತ 21,800. ಕಾದು ಕಟ್ಟಿದರೆ 26,000. ಉಳಿತಾಯ 4,200. ನಿಮ್ಮ ಕೈಯಲ್ಲಿರುವ 22 ಸಾವಿರದಲ್ಲಿ ಸಾಲ ತೀರಿ ಇನ್ನೂರು ಮಿಗುತ್ತೆ. ಚೀಟಿ ಸರಿಯಾದ ಹೊತ್ತಿಗೆ ಎದ್ದಿದೆ. ನಿಮ್ಮ ಮನೆಯವರ ಕೈಗುಣ ಚೆನ್ನಾಗಿದೆ.

ಆದರೆ ಆ 2,360 ವಾಪಸ್ ಬರುವುದಿಲ್ಲ. ಎಷ್ಟೇ ಬೇಗ ಕಟ್ಟಿದರೂ ಅದು ಹೋದಂತೆಯೇ. ಹಾಗಾಗಿ ಇಲ್ಲಿ ಒಂದು ವಿಚಿತ್ರ ಕಾಣುತ್ತೆ. ನಿಮ್ಮ ಕೈಗೆ ನಿಜವಾಗಿ ಬಂದ 17,640ರ ಮೇಲೆ, ಫೀ ಬಡ್ಡಿ ಎರಡೂ ಸೇರಿಸಿ ವರ್ಷದ ದರ ಲೆಕ್ಕ ಹಾಕಿದರೆ, ಮೂವತ್ತು ದಿನಕ್ಕೆ ಕಟ್ಟಿದಾಗ ಸುಮಾರು ಶೇ 577. ಒಂಬತ್ತನೇ ದಿನಕ್ಕೆ ಕಟ್ಟಿದರೆ ಸುಮಾರು ಶೇ 956! ಬೇಗ ಕಟ್ಟಿದರೆ ದರ ಜಾಸ್ತಿ ಆಯ್ತಲ್ಲ ಅಂತ ಗಾಬರಿಯಾಗಬೇಡಿ. ಅದೇ ಫೀ ಕಡಿಮೆ ದಿನಗಳಿಗೆ ಹಂಚಿಹೋಯಿತು, ಅಷ್ಟೇ. ಮನೆಯಿಂದ ಹೋಗುವುದು ರೂಪಾಯಿ, ಪರ್ಸೆಂಟ್ ಅಲ್ಲ. 8,360 ಹೋಗುವ ಕಡೆ 4,160 ಹೋಗುತ್ತೆ. ಇಂಥ ಶೇಕಡಾ ತೋರಿಸಿ 'ಬೇಗ ಕಟ್ಟಿದರೆ ನಿಮಗೇ ಲಾಸ್' ಅನ್ನುವವರು ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು 'ಯಾವಾಗ ಕಟ್ಟಿದರೂ 26 ಸಾವಿರ' ಅನ್ನುವ ಮಾತು. ಫೋನಿನಲ್ಲಿ ಕೂತ ಆ ಹುಡುಗನಿಗೆ ಅವನ ಕಂಪ್ಯೂಟರ್ ಪರದೆಯಲ್ಲಿ ಕಾಣುವುದು ಒಂದೇ ಅಂಕಿ, ಅದನ್ನೇ ಓದಿದ್ದಾನೆ. ಅವನ ಮೇಲೆ ಕೋಪ ಮಾಡಿಕೊಂಡು ಉಪಯೋಗವಿಲ್ಲ. ರಿಸರ್ವ್ ಬ್ಯಾಂಕ್ ಏನು ಹೇಳಿದೆ ಅಂತ ತಿಳಿದುಕೊಳ್ಳಿ. 2024ರ ಏಪ್ರಿಲ್ 29ರಂದು ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ಅದು ಒಂದು ಸುತ್ತೋಲೆ ಕಳಿಸಿತು. ತಪಾಸಣೆಗೆ ಹೋದಾಗ ಕಂಡ ಕೆಲವು ಚಾಳಿಗಳನ್ನು ಅದರಲ್ಲಿ ಬರೆದಿದೆ. ದುಡ್ಡು ಕೊಟ್ಟ ದಿನದಿಂದ ಬಡ್ಡಿ ಹಾಕುವ ಬದಲು ಮಂಜೂರಾದ ದಿನದಿಂದಲೇ ಹಾಕುವುದು. ತಿಂಗಳ ಮಧ್ಯೆ ಸಾಲ ತೀರಿಸಿದರೂ ಇಡೀ ತಿಂಗಳ ಬಡ್ಡಿ ಹಿಡಿಯುವುದು. ಇವು ನ್ಯಾಯವೂ ಅಲ್ಲ, ಪಾರದರ್ಶಕವೂ ಅಲ್ಲ, ಸರಿಪಡಿಸಿ ಅಂತ ಹೇಳಿದೆ. ಸಾಲ ಎಷ್ಟು ದಿನ ಇತ್ತೋ ಅಷ್ಟು ದಿನದ ಬಡ್ಡಿ. ನಿಮ್ಮ ವಾದಕ್ಕೆ ಅಷ್ಟು ಸಾಕು.

ಒಂದು ಬಾಗಿಲು ಮಾತ್ರ ಅವರಿಗೆ ತೆರೆದಿದೆ. ಅವಧಿಗೆ ಮೊದಲು ಮುಗಿಸಿದ್ದಕ್ಕೆ ಶುಲ್ಕ, ಅಂದರೆ ಫೋರ್‌ಕ್ಲೋಷರ್ ಚಾರ್ಜ್. ಬದಲಾಗುವ ಬಡ್ಡಿದರದ ಸಾಲವನ್ನು ವ್ಯಕ್ತಿಗಳು ಬಿಸಿನೆಸ್ ಅಲ್ಲದ ಕೆಲಸಕ್ಕೆ ತೆಗೆದುಕೊಂಡಿದ್ದರೆ ಈ ಶುಲ್ಕ ಹಾಕುವಂತಿಲ್ಲ. ನಿಮ್ಮದು ನಿಗದಿತ ದರದ ಸಾಲ. ಆದ್ದರಿಂದ ಹಾಕಬಹುದು, ಆದರೆ ಸಾಲ ಕೊಡುವಾಗಲೇ ಕೆಎಫ್‌ಎಸ್‌ನಲ್ಲಿ ಬರೆದಿರಬೇಕು. ಕೆಎಫ್‌ಎಸ್ ಅಂದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. ಅಸಲು, ಬಡ್ಡಿ, ಫೀ, ಎಲ್ಲಾ ಸೇರಿದ ವರ್ಷದ ದರ ಇರುವ ಕಾಗದ. ಆ್ಯಪ್ ಸಾಲಕ್ಕೆ ಇದು 2022ರಿಂದ ಕಡ್ಡಾಯ. 2024ರ ಅಕ್ಟೋಬರ್ 1ರಿಂದ ಎಲ್ಲಾ ಚಿಲ್ಲರೆ ಸಾಲಕ್ಕೂ ಕಡ್ಡಾಯ. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಒಪ್ಪಿಗೆ ಇಲ್ಲದೆ ನಡುವೆ ಸೇರಿಸುವಂತಿಲ್ಲ. ನೀವು ಮೊದಲ ಪುಟ ಮಾತ್ರ ಕಳಿಸಿದ್ದೀರಿ. ಎರಡನೇ ಪುಟ ತೆಗೆದು ನೋಡಿ. ಯಾರೂ ನೋಡುವುದಿಲ್ಲ. ನಾನೂ ನನ್ನ ಕ್ರೆಡಿಟ್ ಕಾರ್ಡಿನದು ನೋಡಿರಲಿಲ್ಲ, ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತಿದ್ದವಳು!

ಅದೇ ಕಾಗದದಲ್ಲಿ ಸಾಲ ಕೊಟ್ಟವರ ನಿಜವಾದ ಹೆಸರು ಇರುತ್ತೆ. ಆ್ಯಪಿನ ಹೆಸರು ಒಂದು, ಹಿಂದಿರುವ ಫೈನಾನ್ಸ್ ಕಂಪನಿ ಇನ್ನೊಂದು. ದೂರು ಕೇಳುವ ಅಧಿಕಾರಿಯ ಇಮೇಲ್ ಕೂಡ ಇರುತ್ತೆ. ಫೋನ್ ಬಿಡಿ, ಅಲ್ಲಿಗೆ ಬರೆಯಿರಿ. ಉದ್ದ ಬೇಡ, ಇಷ್ಟು ಸಾಕು:

'ನನ್ನ ಸಾಲದ ಖಾತೆ ಸಂಖ್ಯೆ ಇದು. ಜೂನ್ 12ರಂದು ಪಡೆದದ್ದು. ನಾನು ಇದನ್ನು ಅವಧಿಗೆ ಮೊದಲೇ ಪೂರ್ತಿ ತೀರಿಸುತ್ತೇನೆ. ಇವತ್ತಿನ ತಾರೀಖಿಗೆ ಕಟ್ಟಬೇಕಾದ ಮೊತ್ತ, ಮುಂದೆ ಒಂದೊಂದು ದಿನಕ್ಕೆ ಸೇರುವ ಬಡ್ಡಿ, ಬೇರೆ ಶುಲ್ಕ ಇದ್ದರೆ ಅದು ಕೆಎಫ್‌ಎಸ್‌ನಲ್ಲಿ ಎಲ್ಲಿದೆ ಎಂಬುದನ್ನು ಬರಹದಲ್ಲಿ ತಿಳಿಸಿ.'

ಒಂದೊಂದು ದಿನಕ್ಕೆ ಸೇರುವ ಬಡ್ಡಿ ಅನ್ನೋ ಮಾತನ್ನು ಬಿಡಬೇಡಿ. ಅವರು ಉತ್ತರ ಕೊಡುವುದಕ್ಕೆ ಎರಡು ದಿನ ತೆಗೆದುಕೊಂಡರೆ ಆ ಅಂಕಿ ಹಳೆಯದಾಗುತ್ತೆ. ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ.

ಉತ್ತರ ಬರುವ ಮೊದಲೇ 21,800 ಕಳಿಸಿ ಕೈತೊಳೆದುಕೊಂಡೆ ಅಂದುಕೊಳ್ಳಬೇಡಿ. ಅವರು ಅದನ್ನು ಭಾಗಶಃ ಪಾವತಿ ಅಂತ ಬರೆದುಕೊಂಡು ಮಿಕ್ಕಿದ್ದಕ್ಕೆ ಬಡ್ಡಿ ಓಡಿಸಬಹುದು. ಮೊತ್ತ ಬರಹದಲ್ಲಿ ಬಂದ ಮೇಲೆ, ಆ ಕಂಪನಿಯ ಖಾತೆಗೇ ಕಟ್ಟಿ. 'ನನ್ನ ನಂಬರಿಗೆ ಯುಪಿಐ ಮಾಡಿ ಸಾರ್, ಕ್ಲೋಸ್ ಮಾಡಿಸ್ತೀನಿ' ಅಂದವರಿಗೆ ಒಂದು ರೂಪಾಯಿಯೂ ಬೇಡ. ಕಂತಿನ ದುಡ್ಡು ಸಾಲ ಕೊಟ್ಟ ಸಂಸ್ಥೆಯ ಖಾತೆಗೆ ನೇರ ಹೋಗಬೇಕು, ನಡುವೆ ಯಾರ ಖಾತೆಯೂ ಇರಬಾರದು ಅನ್ನುವುದೇ ನಿಯಮ.

ಆಮೇಲೆ ಆಟೊ ಡೆಬಿಟ್. ಸಾಲ ತೆಗೆದುಕೊಳ್ಳುವಾಗ ನೀವು ಒಂದು ಮ್ಯಾಂಡೇಟ್‌ಗೆ, ಅಂದರೆ ಖಾತೆಯಿಂದ ತಾನಾಗಿ ದುಡ್ಡು ಹಿಡಿಯುವ ಅನುಮತಿಗೆ, ಒಟಿಪಿ ಕೊಟ್ಟಿರುತ್ತೀರಿ. ನೀವು ಸಾಲ ತೀರಿಸಿದ್ದು ಆ ಮ್ಯಾಂಡೇಟ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಜುಲೈ 12ರಂದು ಅದು 26 ಸಾವಿರಕ್ಕೆ ನಿಮ್ಮ ಬ್ಯಾಂಕಿನ ಬಾಗಿಲು ಬಡಿಯಬಹುದು. 7ಕ್ಕೆ ಬಂದ ಸಂಬಳ ಅಲ್ಲೇ ಇರುತ್ತೆ. ಇದ್ದಷ್ಟು ಸಾಲದೆ ಹೋದರೆ ಬ್ಯಾಂಕಿನವರು ಬೌನ್ಸ್ ಚಾರ್ಜ್ ಹಾಕುತ್ತಾರೆ. ಹಾಗಾಗಿ ಸಾಲ ಮುಗಿದ ದಿನವೇ ಮ್ಯಾಂಡೇಟ್ ರದ್ದು ಮಾಡಲು ಕಂಪನಿಗೆ ಬರೆಯಿರಿ. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲೂ ಹೋಗಿ ನೋಡಿ.

ಕೊನೆಗೆ ನೋ ಡ್ಯೂ ಸರ್ಟಿಫಿಕೇಟ್. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ ನಮ್ಮ ಮನೆಯಲ್ಲೇ ಒಂದು ಕಥೆ ಆಗಿದೆ. ಅಕ್ಕನ ಮದುವೆಗೆ ನಮ್ಮ ತಂದೆ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರದ ಒಬ್ಬರ ಹತ್ತಿರ ಮೂರು ಸಾವಿರ ಸಾಲ ಮಾಡಿದ್ದರು. ಪ್ರೋನೋಟು ಬರೆದುಕೊಟ್ಟಿದ್ದರು. ಆ ವರ್ಷ ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕಿತು. ಯುಗಾದಿಗೆ ಮುಂಚೆಯೇ ಅಸಲು ಬಡ್ಡಿ ಎಣಿಸಿಕೊಟ್ಟರು. ಸಾಹುಕಾರರು ಕಾಫಿ ತರಿಸಿದರು. 'ಬೀರುವಿನ ಬೀಗದ ಕೈ ಮನೆಯವಳ ಹತ್ರ ಇದೆ, ಅವಳು ಊರಿಗೆ ಹೋಗಿದ್ದಾಳೆ. ನೋಟು ಆಮೇಲೆ ಕೊಡ್ತೀನಿ' ಅಂದರು. ಕೇಳಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ ಅಂತ ಅಪ್ಪ ಮತ್ತೆ ಕೇಳಲಿಲ್ಲ. ಎರಡು ವರ್ಷ ಕಳೆಯಿತು. ಸಾಹುಕಾರರು ತೀರಿಕೊಂಡರು. ಅವರ ಮಗ ಆ ಪ್ರೋನೋಟು ಹಿಡಿದು ನಮ್ಮ ಹಜಾರಕ್ಕೆ ಬಂದ. ಅವನು ಮೋಸಗಾರನಲ್ಲ, ಬೀರುವಿನಲ್ಲಿ ಸಿಕ್ಕಿತು, ತಂದ. ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡಡ್ಡ ಅಪ್ಪನ ಸಹಿ, ನೇರಳೆ ಬಣ್ಣದ ಇಂಕಿನಲ್ಲಿ. 'ಇದು ನಂದೇ ಸಹಿ, ಆದರೆ ದುಡ್ಡು ಕೊಟ್ಟಾಗಿದೆ' ಅಂತ ಅಪ್ಪ ಹೇಳಿದ್ದು ನನಗೆ ಈಗಲೂ ಕೇಳಿಸುತ್ತೆ. ಪಂಚಾಯ್ತಿ ಆಗಿ ಅರ್ಧ ಮತ್ತೆ ಕಟ್ಟಿದರು. ಈಗ ಪ್ರೋನೋಟಿನ ಜಾಗದಲ್ಲಿ ಒಟಿಪಿ ಇದೆ. ಹರಿದುಹಾಕಲು ಕಾಗದವೇ ಇಲ್ಲ. ಅದಕ್ಕೇ 'ಬಾಕಿ ಇಲ್ಲ' ಅಂತ ಅವರಿಂದ ಬರೆಸಿಕೊಳ್ಳಲೇಬೇಕು.

ಕಂಪನಿ ಉತ್ತರವನ್ನೇ ಕೊಡದಿದ್ದರೆ, ಅಥವಾ 26 ಸಾವಿರಕ್ಕೇ ಹಟ ಹಿಡಿದರೆ, ದೂರು ಕೊಟ್ಟು 30 ದಿನ ಆದ ಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ತೀರ್ಮಾನಿಸುವ ಅಧಿಕಾರಿಗೆ, ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಕೊಟ್ಟ ಉತ್ತರ ಸರಿ ಕಾಣದಿದ್ದರೆ 30 ದಿನ ಕಾಯಬೇಕಾಗಿಲ್ಲ. ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಆದರೆ ದೂರು ಕೊಟ್ಟಿದ್ದೇನೆ ಅಂತ ಡ್ಯೂ ಡೇಟ್ ತಪ್ಪಿಸಬೇಡಿ. ಆ ದಿನ ಕಟ್ಟಿ, ಆಮೇಲೆ ಹೆಚ್ಚು ಹಿಡಿದದ್ದನ್ನು ಕೇಳಿ. ಚೀಟಿ ದುಡ್ಡನ್ನು ಅಷ್ಟರವರೆಗೆ ಬೇರೆ ಖಾತೆಯಲ್ಲಿಡಿ. ಕಣ್ಣೆದುರಿಗೆ ಇದ್ದರೆ ಕರಗುತ್ತೆ.

ನೀವು ಕೇಳದೇ ಇರುವ ಒಂದು ಮಾತು ಹೇಳುತ್ತೇನೆ. ಡ್ಯೂ ಡೇಟ್ ಹತ್ತಿರ ಬಂದಾಗ ಕೆಲವು ಆ್ಯಪ್‌ಗಳಲ್ಲಿ ಇನ್ನೊಂದು ಬಟನ್ ಕಾಣಿಸಿಕೊಳ್ಳುತ್ತೆ, 'ಬಡ್ಡಿ ಕಟ್ಟಿ, ಅವಧಿ ಮುಂದುವರಿಸಿ' ಅಂತ. ಮುಂಚೆ ಕಟ್ಟಲು ಬಟನ್ ಇಲ್ಲ, ಮುಂದೂಡಲು ಇದೆ! ನಿಮ್ಮ ಲೆಕ್ಕದಲ್ಲಿ ಮೂರು ಸಲ ಮುಂದೂಡಿದರೆ 18 ಸಾವಿರ ಬಡ್ಡಿ ಕೊಟ್ಟಿರುತ್ತೀರಿ. ಅಸಲು 20 ಸಾವಿರ ಕೂದಲೂ ಕೊಂಕದೆ ಹಾಗೇ ಕೂತಿರುತ್ತೆ. ಮತ್ತೆ ಎಂದಾದರೂ ಫೀಸಿಗೆ ಕೈ ಕಟ್ಟಿದರೆ ಮನೆಯಲ್ಲಿ ಒಂದು ಉಂಗುರ ಇದೆಯಾ ನೋಡಿ. ವರ್ಷಕ್ಕೆ ಶೇ 10ರ ದರದಲ್ಲಿ ಬ್ಯಾಂಕಿನಲ್ಲಿ ಚಿನ್ನ ಇಟ್ಟು 20 ಸಾವಿರ ತಂದರೆ ಒಂದು ತಿಂಗಳ ಬಡ್ಡಿ ಸುಮಾರು 165 ರೂಪಾಯಿ. ನೀವು ಒಂದು ದಿನಕ್ಕೆ ಕೊಡುತ್ತಿರುವುದು 200.

ಹಾಂ, ಸಿಬಿಲ್. ಅದನ್ನು ಕೆಳಗೆ ಹುಬ್ಬಳ್ಳಿಯವರಿಗೆ ಬರೆದಿದ್ದೇನೆ. ನಿಮ್ಮ ಗೆಳೆಯರಿಗೂ ಓದಿಸಿ.

ಪ್ರಶ್ನೆ: ಪರ್ಸನಲ್ ಲೋನ್ ಒಂದನ್ನು ಏಳು ತಿಂಗಳು ಮೊದಲೇ ಮುಗಿಸಿದೆ. ಸ್ಕೋರ್ ಹನ್ನೊಂದು ಪಾಯಿಂಟ್ ಇಳಿದಿದೆ! ಮುಂಚೆ ಕಟ್ಟಿದ್ದೇ ತಪ್ಪಾಯ್ತಾ? — ಹುಬ್ಬಳ್ಳಿಯ ಓದುಗರು

ಉತ್ತರ: ತಪ್ಪಲ್ಲ. ಓಡುತ್ತಿದ್ದ ಒಂದು ಸಾಲ ಮುಗಿದಾಗ ಸ್ಕೋರ್ ಅತ್ತಿತ್ತ ಸ್ವಲ್ಪ ಅಲುಗಾಡುವುದು ಉಂಟು. ಹನ್ನೊಂದು ಪಾಯಿಂಟಿಗಾಗಿ ಏಳು ತಿಂಗಳ ಬಡ್ಡಿ ಕೊಡುತ್ತೀರಾ? ನೋಡಬೇಕಾದದ್ದು ಸ್ಕೋರ್ ಅಲ್ಲ, ರಿಪೋರ್ಟಿನೊಳಗೆ ಆ ಸಾಲದ ಎದುರು ಯಾವ ಪದ ಇದೆ ಅನ್ನುವುದು. 'ಕ್ಲೋಸ್ಡ್' ಅಂತ ಇದ್ದರೆ ಒಳ್ಳೆಯದು. 'ಸೆಟಲ್ಡ್' ಅಂತ ಇದ್ದರೆ ಎಚ್ಚರ. ಪೂರ್ತಿ ಕಟ್ಟದೆ, ಕಡಿಮೆಗೆ ಮಾತಾಡಿಕೊಂಡು ಮುಗಿಸಿದ್ದಾರೆ ಅಂತ ಅದರ ಅರ್ಥ. ನಾಳೆ ಮನೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಕಣ್ಣು ಮೊದಲು ಹೋಗುವುದು ಆ ಪದದ ಮೇಲೆಯೇ. ನನ್ನ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು.

ನಮ್ಮ ಸಾಲದ ದಾಖಲೆ ಇಡುವ ಕಂಪನಿಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ಬರೆದು ಕೊಡಿ. ಮೂವತ್ತು ದಿನದಲ್ಲಿ ಸರಿಯಾಗದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ನಿಮಗೆ ಪರಿಹಾರ ಸಿಗಬೇಕು.

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೆಷಿನ್ ಮೋಟಾರ್ ಸುಟ್ಟಿತು ಅಂತ ಒಂದು ಆ್ಯಪ್‌ನಲ್ಲಿ 3,000 ಕೇಳಿದೆ. 1,800 ಹಾಕಿದರು. ಏಳೇ ದಿನಕ್ಕೆ 3,000 ಕಟ್ಟಿದೆ. ಈಗ ನಾನು ಕೇಳದೆಯೇ ಮತ್ತೆ 1,800 ಹಾಕಿದ್ದಾರೆ. ಕಟ್ಟು ಅಂತ ವಾಟ್ಸ್ಆ್ಯಪ್‌ನಲ್ಲಿ ಕೆಟ್ಟದಾಗಿ ಬರೆಯುತ್ತಾರೆ. ನನ್ನ ನಾದಿನಿಗೂ ಮೆಸೇಜ್ ಹೋಗಿದೆ. ಬೇಗ ಕಟ್ಟಿಬಿಟ್ಟರೆ ಬಿಡುತ್ತಾರಾ? — ಹಾಸನ ಜಿಲ್ಲೆಯ ಓದುಗರು

ಉತ್ತರ: ಬಿಡುವುದಿಲ್ಲ ತಾಯಿ. ಬೇಗ ಕಟ್ಟುವವರು ಅಂತ ಗೊತ್ತಾದರೆ ಇನ್ನೂ ಹಿಡಿದುಕೊಳ್ಳುತ್ತಾರೆ. ಮೇಲಿನದು ದುಬಾರಿ ಸಾಲ. ನಿಮ್ಮದು ಸಾಲವೇ ಅಲ್ಲ, ಸುಲಿಗೆ.

ಆ ಹೊಸ 1,800 ಮುಟ್ಟಬೇಡಿ. ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ 'ನಾನು ಕೇಳದ ಹಣ ಈ ತಾರೀಖಿಗೆ ಬಂದಿದೆ' ಅಂತ ಬರೆದು ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸಿಕೊಳ್ಳಿ. ಮೆಸೇಜ್‌ಗಳನ್ನು ಡಿಲೀಟ್ ಮಾಡಬೇಡಿ, ಎಷ್ಟೇ ಅಸಹ್ಯ ಇದ್ದರೂ ಸ್ಕ್ರೀನ್‌ಶಾಟ್ ತೆಗೆದಿಡಿ. 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಗೆ ಇರುವ ನಂಬರ್. ಹತ್ತಿರದ ಠಾಣೆಗೂ ಹೋಗಿ. ಒಬ್ಬರೇ ಹೋಗಬೇಡಿ, ಆ ನಾದಿನಿಯನ್ನೇ ಕರೆದುಕೊಂಡು ಹೋಗಿ. ಅವರಿಗೂ ಮೆಸೇಜ್ ಬಂದಿದೆ, ಅವರ ಫೋನೂ ಸಾಕ್ಷಿ.

ನಿಯಮದಂತೆ ನಡೆಯುವ ಸಾಲದ ಆ್ಯಪ್ ನಿಮ್ಮ ಫೋನಿನಲ್ಲಿರುವ ನಂಬರು, ಫೋಟೊ, ಕಾಲ್ ಲಿಸ್ಟ್ ಯಾವುದನ್ನೂ ನೋಡುವಂತಿಲ್ಲ. ವಸೂಲಿಗೆ ಫೋನ್ ಮಾಡುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಮಾಡುವಂತಿಲ್ಲ. ನಾದಿನಿಯವರೆಗೆ ಹೋಗಿದ್ದಾರೆ ಅಂದರೆ ಅವರು ಯಾವ ನಿಯಮಕ್ಕೂ ಸೇರಿದವರಲ್ಲ. ಅಧಿಕೃತ ಸಂಸ್ಥೆಗಳು ಬಳಸುವ ಆ್ಯಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2025ರ ಜುಲೈನಿಂದ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಸಂಸ್ಥೆಗಳು ತಾವೇ ಕೊಟ್ಟ ವಿವರ ಅದು. ಅದರಲ್ಲಿದೆ ಅಂದ ಮಾತ್ರಕ್ಕೆ ಬಡ್ಡಿ ಕಡಿಮೆ ಅಂತಲ್ಲ. ಆದರೆ ಅದರಲ್ಲಿ ಇಲ್ಲದ ಆ್ಯಪಿನ ಹತ್ತಿರ ಸುಳಿಯಬೇಡಿ.

ಮೋಟಾರಿಗೆ ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಕೇಳಿ ನೋಡಿದಿರಾ? ಪತ್ರದಲ್ಲಿ ಅದನ್ನು ಬರೆದಿಲ್ಲ.

ಪ್ರಶ್ನೆ: ನಮಸ್ತೆ ಆಂಟಿ. ನಮ್ಮಮ್ಮ ನಿಮ್ಮ ಅಂಕಣ ಓದಿ ನನಗೆ ಫೋಟೊ ಕಳಿಸ್ತಾರೆ. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸದಲ್ಲಿದ್ದೇನೆ. ಮನೆ ಬದಲಾಯಿಸುವಾಗ ಡೆಪಾಸಿಟ್‌ಗೆ ಕಡಿಮೆ ಬಿದ್ದು 300 ಪೌಂಡ್ ಪೇಡೇ ಲೋನ್ ತಗೊಂಡೆ. 30 ದಿನದ್ದು. ಹನ್ನೆರಡನೇ ದಿನವೇ ಹಳೇ ಮನೆ ಡೆಪಾಸಿಟ್ ವಾಪಸ್ ಬರ್ತಿದೆ. ಇಲ್ಲಿನ ರೂಲ್ಸ್ ನಿಮಗೆ ಗೊತ್ತಾ?

ಉತ್ತರ: ಅಮ್ಮನಿಗೆ ನಮಸ್ಕಾರ ತಿಳಿಸಪ್ಪಾ. ಸ್ವಲ್ಪ ಗೊತ್ತು, ನನ್ನ ತಂಗಿಯ ಮಗನೂ ಅಲ್ಲೇ ಇದ್ದಾನೆ.

ನಿಮ್ಮಲ್ಲಿ ಒಂದು ಅನುಕೂಲ ಇದೆ, ನಮ್ಮಲ್ಲಿ ಅದಿಲ್ಲ. ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಸಿಎ 2015ರ ಜನವರಿ 2ರಿಂದ ಪೇಡೇ ಸಾಲಕ್ಕೆ, ಅಂದರೆ ಸಂಬಳ ಬರುವ ತನಕದ ಸಣ್ಣ ಸಾಲಕ್ಕೆ, ಮಿತಿ ಹಾಕಿದೆ. ಬಡ್ಡಿ, ಫೀ ಎಲ್ಲಾ ಸೇರಿ ದಿನಕ್ಕೆ ಶೇ 0.8 ದಾಟಬಾರದು. ಕಂತು ತಪ್ಪಿದರೆ ದಂಡ ಒಟ್ಟು 15 ಪೌಂಡ್ ದಾಟಬಾರದು. ಎಷ್ಟೇ ಎಳೆದಾಡಿದರೂ ಬಡ್ಡಿ, ದಂಡ ಎಲ್ಲಾ ಸೇರಿ ಅಸಲಿನಷ್ಟನ್ನು ಮೀರಬಾರದು. 300 ತೆಗೆದುಕೊಂಡವರು 600ಕ್ಕಿಂತ ಜಾಸ್ತಿ ಯಾವತ್ತೂ ಕೊಡಬೇಕಾಗಿಲ್ಲ. ನಮ್ಮ ರಿಸರ್ವ್ ಬ್ಯಾಂಕ್ ಎಲ್ಲವನ್ನೂ ಮುಚ್ಚಿಡದೆ ಹೇಳಿ ಅನ್ನುತ್ತೆ, ಆದರೆ ಇಂಥ ಸಾಲಕ್ಕೆ ಇಷ್ಟೇ ಬಡ್ಡಿ ಅಂತ ಗೆರೆ ಎಳೆದಿಲ್ಲ. ಎಳೆಯಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಬ್ಯಾಂಕಿನ ಹಳೆಯ ಗೆಳೆಯರು ಇದಕ್ಕೆ ನನ್ನ ಜೊತೆ ಜಗಳ ಆಡುತ್ತಾರೆ.

ನಿನ್ನ ಲೆಕ್ಕ: ಮಿತಿಯ ತುದಿಯಲ್ಲೇ ಹಾಕಿದ್ದಾರೆ ಅಂದುಕೊಂಡರೆ ದಿನಕ್ಕೆ 2.40 ಪೌಂಡ್. ಮೂವತ್ತು ದಿನಕ್ಕೆ 72. ಹನ್ನೆರಡಕ್ಕೆ 28.80. ಅಂದರೆ 328.80ಕ್ಕೆ ಮುಗಿಯಬೇಕು. ಅವಧಿಗೆ ಮೊದಲು ತೀರಿಸುವುದು ಅಲ್ಲಿ 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್ ಕೊಟ್ಟಿರುವ ಹಕ್ಕು. ಇವತ್ತೇ ಸೆಟ್ಲ್‌ಮೆಂಟ್ ಮೊತ್ತ ಕೇಳು. ಅಲ್ಲಿ ಸೆಟ್ಲ್‌ಮೆಂಟ್ ಅಂದರೆ ಪೂರ್ತಿ ತೀರಿಸುವುದು, ಮೇಲೆ ಹುಬ್ಬಳ್ಳಿಯವರಿಗೆ ಹೇಳಿದ ಕೆಟ್ಟ ಅರ್ಥ ಅಲ್ಲ. ಸಾಲ ಮುಗಿದ ಮೇಲೆ ನಿನ್ನ ಕಾರ್ಡ್ ಮೇಲಿರುವ ಪಾವತಿ ಅನುಮತಿಯನ್ನು ಬ್ಯಾಂಕಿಗೆ ಹೇಳಿ ತೆಗೆಸು.

ಇನ್ನೊಂದು. ಅಮ್ಮನಿಗೆ ಸಾಲದ ವಿಷಯ ಗೊತ್ತಾ? ಈ ಪುಟದ ಫೋಟೊವನ್ನೂ ಅವರೇ ಕಳಿಸುತ್ತಾರೆ, ನೆನಪಿರಲಿ.

ಮತ್ತೆ ಪೀಣ್ಯದವರು: ಪುಟ ಅಚ್ಚಿಗೆ ಹೋಗುವ ಮೊದಲು ಅವರ ಇಮೇಲ್ ಬಂತು. ಕಂಪನಿ ಉತ್ತರ ಕೊಡಲು ಎರಡು ದಿನ ತೆಗೆದುಕೊಂಡಿದೆ. ಜೂನ್ 23ಕ್ಕೆ ಕೊಟ್ಟ ಮೊತ್ತ 22,436. ಅಸಲು 20,000, ಹನ್ನೊಂದು ದಿನದ ಬಡ್ಡಿ 2,200, ಮುಂಚೆ ಮುಗಿಸಿದ್ದಕ್ಕೆ ಶೇ 1 ಶುಲ್ಕ 200, ಅದರ ಮೇಲೆ ಜಿಎಸ್‌ಟಿ 36. ಶುಲ್ಕ ಕೆಎಫ್‌ಎಸ್‌ನ ಎರಡನೇ ಪುಟದಲ್ಲಿ ಇತ್ತಂತೆ. 26 ಸಾವಿರದ ಮಾತು ಮತ್ತೆ ಯಾರೂ ಎತ್ತಲಿಲ್ಲವಂತೆ. ಕೈಯಲ್ಲಿದ್ದ 22 ಸಾವಿರಕ್ಕೆ 436 ಕಡಿಮೆ ಬಿತ್ತು. ಬೇಗ ಕಟ್ಟಬೇಡ ಅಂದಿದ್ದ ಅದೇ ಸಹೋದ್ಯೋಗಿ ಐನೂರು ಕೊಟ್ಟರಂತೆ, ಬಡ್ಡಿ ಇಲ್ಲದೆ.

ಉಳಿದದ್ದು 3,564 ರೂಪಾಯಿ. ಮ್ಯಾಂಡೇಟ್ ರದ್ದಾಗಿದೆ. ನೋ ಡ್ಯೂ ಬಂತಾ ಅಂತ ಕೇಳಿದೆ. 'ಏಳು ಕೆಲಸದ ದಿನಗಳಲ್ಲಿ' ಅಂದಿದ್ದಾರಂತೆ. ಎಣಿಸುತ್ತಿದ್ದಾರೆ.